ಉಳಿತಾಯ ಮಾಡೋಣ, ಆದರೆ ಯಾವುದನ್ನು ಕಡಿಮೆ ಮಾಡಿ?



ಈ ತಿಂಗಳ ಪಾಠ ಅನಾವಶ್ಯಕ ಖರ್ಚು ಮತ್ತು ಉಳಿತಾಯದ ಬಗ್ಗೆ. ‘ಇದನ್ನ ಎಷ್ಟು ಸಲ ಕೇಳೋದು ಸಿಸ್ಟರ್, ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ, ಅಷ್ಟೇ ತಾನೇ?’ ಅಂತ ನೀವು ನಗಬಹುದು. ಗಾದೆ ಸರಿಯಾಗಿಯೇ ಇದೆ. ಆದರೆ ಆ ಹನಿ ಎಲ್ಲಿಂದ ಬರಬೇಕು ಎನ್ನುವುದನ್ನು ನಾನು ಬಹಳ ವರ್ಷ ಸರಿಯಾಗಿ ಕಲಿಸಿರಲಿಲ್ಲ. ಅದನ್ನು ನನಗೆ ಕಲಿಸಿದ್ದು ಒಬ್ಬ ಸಂಘದ ಸದಸ್ಯೆ. ಮೊದಲು ಆ ಸಂಗತಿ ಹೇಳುತ್ತೇನೆ.

ಚಪ್ಪಾಳೆ ತಟ್ಟಿಸಿದ ತಪ್ಪು

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಕಾಫಿ ತೋಟದ ಲೈನಿನಲ್ಲಿ ಸಂಘದ ಸಭೆ ಇತ್ತು. ಎಲ್ಲರೂ ತೋಟದ ಕೆಲಸದವರು, ವಾರದ ಬಟವಾಡೆ ನಂಬಿ ಬದುಕುವವರು. ನಾನು ಕಪ್ಪು ಹಲಗೆಯ ಮೇಲೆ ಬರೆದೆ: ದಿನಕ್ಕೆ 10 ರೂಪಾಯಿ ಉಳಿಸಿದರೆ ತಿಂಗಳಿಗೆ 300, ವರ್ಷಕ್ಕೆ 3,650. ‘ನಿಮ್ಮ ಸ್ವಂತ ಖರ್ಚಿನಲ್ಲಿ ಹತ್ತು ರೂಪಾಯಿ ಕಡಿಮೆ ಮಾಡೋಕೆ ಆಗಲ್ವಾ?’ ಅಂತ ಕೇಳಿದೆ. ಎಲ್ಲರೂ ‘ಆಗ್ತದೆ ಸಿಸ್ಟರ್’ ಅಂದರು.

ಮುಂದಿನ ತಿಂಗಳು ಒಬ್ಬ ಸಹೋದರಿ 300 ರೂಪಾಯಿ ಹೆಚ್ಚಾಗಿ ತಂದು ಕಟ್ಟಿದರು. ನನಗೆ ತುಂಬಾ ಸಂತೋಷವಾಯಿತು. ಅವರನ್ನು ಎದ್ದು ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ತಟ್ಟಿಸಿದೆ.

ಎರಡು ವಾರ ಕಳೆದಿರಬಹುದು. ಹಣ್ಣು ಕೊಯ್ಯುವಾಗ ಆಕೆ ಗಿಡದ ಬುಡದಲ್ಲೇ ತಲೆ ತಿರುಗಿ ಬಿದ್ದರು. ಜೀಪು ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆ ಮಾಡಿದರೆ, 12 ಗ್ರಾಂ ಆದರೂ ಇರಬೇಕಾದ ಹಿಮೋಗ್ಲೋಬಿನ್ 7 ಗ್ರಾಂ ಇತ್ತು. ವಿಚಾರಿಸಿದಾಗ ನಿಜ ಹೊರಬಂತು. ಬೆಳಿಗ್ಗೆ ಬರೀ ಕಾಫಿ ಕುಡಿದು ಕೆಲಸಕ್ಕೆ ಹೋಗುತ್ತಿದ್ದರು. ಹತ್ತು ಗಂಟೆಗೆ ತಿನ್ನುತ್ತಿದ್ದ ಬನ್ನು ಬಿಟ್ಟಿದ್ದರು. ವಾರಕ್ಕೆ ಎರಡು ಸಲ ತಿನ್ನುತ್ತಿದ್ದ ಮೊಟ್ಟೆ ಮಕ್ಕಳಿಗೆ ಮಾತ್ರ. ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಆದರೆ ತರಲು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ ಅಂತ ಅದನ್ನೂ ನಿಲ್ಲಿಸಿದ್ದರು.

‘ಯಾಕಮ್ಮಾ ಹೀಗೆ ಮಾಡಿದ್ರಿ?’ ಅಂತ ಕೇಳಿದೆ. ಆಕೆ ಹೇಳಿದ್ದು ಇಷ್ಟು: ‘ನೀವು ಸ್ವಂತ ಖರ್ಚು ಕಡಿಮೆ ಮಾಡಿ ಅಂದ್ರಿ. ಮನೆಯವರ ಖರ್ಚಿಗೆ ನಾನು ಕೈ ಹಾಕೋಕಾಗಲ್ಲ. ನನ್ನ ಹೊಟ್ಟೆ ಒಂದು ನನ್ನ ಕೈಲಿತ್ತು ಸಿಸ್ಟರ್.’

ಉಳಿಸಿದ 300 ರೂಪಾಯಿ ಜೀಪಿನ ಬಾಡಿಗೆಗೇ ಸಾಲಲಿಲ್ಲ. ಹದಿನೈದು ದಿನದ ಕೂಲಿಯೂ ಹೋಯಿತು. ಚಪ್ಪಾಳೆ ತಟ್ಟಿಸಿದ್ದು ನನ್ನ ತಪ್ಪು. ಹಣ ಎಷ್ಟು ತಂದಿರಿ ಎಂದು ನೋಡಿದೆನೇ ಹೊರತು ಎಲ್ಲಿಂದ ತಂದಿರಿ ಎಂದು ಕೇಳಲಿಲ್ಲ.

ಇದು ಒಬ್ಬರ ಕಥೆ ಮಾತ್ರ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ 15ರಿಂದ 49 ವರ್ಷದ ಪ್ರತಿ 100 ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ 20 ಜನರ ಸಂಘದಲ್ಲಿ ಒಂಬತ್ತು ಹತ್ತು ಮಂದಿ. ಇಂಥವರಿಗೆ ‘ನಿಮ್ಮ ಖರ್ಚು ಕಡಿಮೆ ಮಾಡಿ’ ಎಂದು ಸುಮ್ಮನೆ ಹೇಳಿದರೆ ಅವರು ಮೊದಲು ಬಿಡುವುದು ತಮ್ಮ ತಟ್ಟೆಯ ಅನ್ನವನ್ನು. ಆದ್ದರಿಂದ ಈ ಪಾಠದ ಮೊದಲ ಮಾತು: ನಿಮ್ಮ ಊಟ, ನಿಮ್ಮ ಔಷಧಿ, ಮುಟ್ಟಿನ ಸಮಯದ ಶುಚಿತ್ವ, ಮಕ್ಕಳ ಓದು ಅನಾವಶ್ಯಕ ಖರ್ಚಿನ ಪಟ್ಟಿಯಲ್ಲಿ ಬರಲೇಬಾರದು.

ಹಾಗಾದರೆ ಯಾವುದು ಅನಾವಶ್ಯಕ?

ಇದನ್ನು ನಾನು ಹೇಳುವುದಲ್ಲ, ನೀವೇ ಹೇಳಬೇಕು. ಅದಕ್ಕೆ ಮೊದಲು ಹಣ ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಿಗೆ ಕಾಣಬೇಕು. ಬರೆಯಲು ಬರುವವರು ಪುಸ್ತಕದಲ್ಲಿ ಬರೆಯಿರಿ. ಬಾರದವರು ಹುಣಸೆ ಬೀಜದ ಲೆಕ್ಕ ಮಾಡಿ. ಇದು ಬಹಳ ಸುಲಭ.

ಮನೆಯಲ್ಲಿ ಮೂರು ಬೋಗುಣಿ ಇಡಿ. ಹತ್ತು ರೂಪಾಯಿ ಖರ್ಚಾದರೆ ಒಂದು ಬೀಜ. ರಾತ್ರಿ ಮಲಗುವ ಮೊದಲು ಆ ದಿನದ ಖರ್ಚು ನೆನಪು ಮಾಡಿಕೊಂಡು ಬೀಜ ಹಾಕಿ.

ಮೊದಲನೇ ಬೋಗುಣಿ – ಬೇಕೇ ಬೇಕು: ಅಕ್ಕಿ, ಬೇಳೆ, ತರಕಾರಿ, ಮೊಟ್ಟೆ, ಹಾಲು, ಔಷಧಿ, ಶಾಲೆ, ಗ್ಯಾಸ್.

ಎರಡನೇ ಬೋಗುಣಿ – ಸ್ವಲ್ಪ ತಡೆದರೂ ನಡೆಯುತ್ತೆ: ಹೊಸ ಸೀರೆ, ಹೊಸ ಮಿಕ್ಸಿ, ಮನೆಗೆ ಬಣ್ಣ, ದೊಡ್ಡ ಮೊಬೈಲ್.

ಮೂರನೇ ಬೋಗುಣಿ – ಬಿಟ್ಟರೂ ನಷ್ಟವಿಲ್ಲ: ಎಲೆ ಅಡಿಕೆ ಹೊಗೆಸೊಪ್ಪು, ಕುರುಕಲು ಪ್ಯಾಕೆಟ್, ಕುಡಿತ, ಲಾಟರಿಯಂಥ ಮೊಬೈಲ್ ಆಟ, ಕೈಸಾಲದ ಬಡ್ಡಿ.

ಯಾವ ಬೋಗುಣಿಗೆ ಹಾಕಬೇಕು ಎಂದು ಅನುಮಾನ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ‘ಇದು ಇಲ್ಲದಿದ್ದರೆ ನಾಳೆ ಯಾರಿಗಾದರೂ ತೊಂದರೆ ಆಗುತ್ತದೆಯೇ?’ ‘ಒಂದು ವಾರ ಕಳೆದ ಮೇಲೂ ಇದು ಬೇಕು ಅನಿಸುತ್ತದೆಯೇ?’ ಎರಡಕ್ಕೂ ಇಲ್ಲ ಅಂದರೆ ಅದು ಮೂರನೇ ಬೋಗುಣಿ.

ಒಂದು ಮಾತು ನೆನಪಿಡಿ. ಸಂತೆಯಲ್ಲಿ ಒಂದು ಮೊಳ ಹೂವು, ಒಂದು ಡಜನ್ ಬಳೆ ತಗೊಂಡಿದ್ದಕ್ಕೆ ಯಾವ ಮನೆಯೂ ಮುಳುಗಿಲ್ಲ. ಕಷ್ಟಪಟ್ಟು ದುಡಿಯುವವರಿಗೆ ಒಂದು ಸಣ್ಣ ಸಂತೋಷ ಬೇಡವೇ? ಪಕ್ಕದವಳ ಬೋಗುಣಿ ನೋಡಿ ‘ನೋಡ್ರೀ ಇವಳ ದುಂದುವೆಚ್ಚ’ ಅಂತ ಆಡಿಕೊಳ್ಳುವುದು ಸಂಘದ ಕೆಲಸವಲ್ಲ.

ಸಣ್ಣ ತೂತು

ಕೊಡದಲ್ಲಿ ತೂತಿದ್ದರೆ ಎಷ್ಟು ನೀರು ಹೊತ್ತರೂ ಮನೆ ಮುಟ್ಟುವಾಗ ಖಾಲಿ. ಒಂದು ಮನೆಯ ಒಂದು ವಾರದ ಲೆಕ್ಕ ಹೀಗೆ ಇದೆ ಎಂದುಕೊಳ್ಳಿ:

ಎಲೆ ಅಡಿಕೆ ಹೊಗೆಸೊಪ್ಪು, ದಿನಕ್ಕೆ 15ರಂತೆ – 105
ಇಬ್ಬರು ಮಕ್ಕಳಿಗೆ ಕುರುಕಲು ಪ್ಯಾಕೆಟ್, ಆರು ದಿನ – 60
ಮನೆ ಬಾಗಿಲಿಗೆ ಬಂದ ಸೀರೆಯ ಕಂತು – 100
ಫೋನಿಗೆ ಹೆಚ್ಚುವರಿ ಡೇಟಾ – 20
ಸಂತೆಯಲ್ಲಿ ಕಂಡದ್ದು ಕೊಂಡದ್ದು – 40
ಕೈಸಾಲದ ಬಡ್ಡಿ, ವಾರಕ್ಕೆ ಸುಮಾರು – 60
ಒಟ್ಟು – 385 ರೂಪಾಯಿ

ಎಲ್ಲವನ್ನೂ ಒಂದೇ ದಿನ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಅರ್ಧ ನಿಂತರೂ ವಾರಕ್ಕೆ 190 ರೂಪಾಯಿ ಉಳಿಯಿತು. 52 ವಾರಕ್ಕೆ 9,880 ಆಯಿತು. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಕೈಸಾಲ ಮಾಡುವ ಪ್ರಸಂಗವೇ ಬರುವುದಿಲ್ಲ.

ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಇನ್ನೊಂದು ವಿಷಯ ತಿಳಿದಿರಬೇಕು. ಹೊಗೆಸೊಪ್ಪು ಬಾಯಿ ಕ್ಯಾನ್ಸರ್ ತರುತ್ತದೆ. ಹಣಕ್ಕಿಂತ ದೊಡ್ಡ ಉಳಿತಾಯ ಅಲ್ಲಿದೆ.

ಬಾಗಿಲಿಗೆ ಬರುವ ಕಂತಿನ ವ್ಯಾಪಾರದಲ್ಲಿ ವಾರದ ಕಂತು ಎಷ್ಟು ಎಂದು ಮಾತ್ರ ನೋಡಬೇಡಿ. ಎಷ್ಟು ವಾರ ಎಂದು ಕೇಳಿ ಗುಣಿಸಿ. ವಾರಕ್ಕೆ 100ರಂತೆ 20 ವಾರ ಅಂದರೆ 2,000 ರೂಪಾಯಿ. ಅದೇ ಸೀರೆ ಪೇಟೆಯಲ್ಲಿ 1,400ಕ್ಕೆ ಸಿಗುವುದಾದರೆ 600 ರೂಪಾಯಿ ಯಾಕೆ ಕೊಡಬೇಕು? ಹಾಗೆಯೇ ಅಂಗಡಿಯಲ್ಲಿ ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ, ಸಣ್ಣದು ಯಾವಾಗಲೂ ದುಬಾರಿ ಎಂದು ತಿಳಿಯಬೇಡಿ. ಕೆಲವು ಸಾಮಾನಿಗೆ ಅದು ತಿರುಗುಮುರುಗಾಗಿರುತ್ತದೆ. ಪ್ಯಾಕೆಟ್ ಮೇಲಿನ ಗ್ರಾಂ ಮತ್ತು ಬೆಲೆ ಎರಡನ್ನೂ ಓದಿ, ಓದಲು ಬಾರದಿದ್ದರೆ ಮಕ್ಕಳ ಕೈಲಿ ಓದಿಸಿ.

ದೊಡ್ಡ ತೂತು

ಮೇಲಿನ ಪಟ್ಟಿಯಲ್ಲಿ ಬಡ್ಡಿ 60 ರೂಪಾಯಿ ಮಾತ್ರ ಅಂತ ಕಾಣುತ್ತದೆ. ಆದರೆ ಅದೇ ಎಲ್ಲಕ್ಕಿಂತ ದೊಡ್ಡ ತೂತು. ಆ ತೋಟದ ಸಹೋದರಿ ಹುಷಾರಾದ ಮೇಲೆ ನಾವು ಅವರ ಮನೆಯಲ್ಲೇ ಕುಳಿತು ಬೀಜದ ಲೆಕ್ಕ ಮಾಡಿದೆವು. ಮೂರನೇ ಬೋಗುಣಿಯಲ್ಲಿ ಬಡ್ಡಿಯದೇ 25 ಬೀಜ! 5,000 ರೂಪಾಯಿ ಕೈಸಾಲ, ನೂರಕ್ಕೆ ತಿಂಗಳಿಗೆ ಐದರಂತೆ ಬಡ್ಡಿ. ತಿಂಗಳಿಗೆ 250. ಅಸಲು ಒಂದು ರೂಪಾಯಿಯೂ ಕರಗಿರಲಿಲ್ಲ.

‘ನೂರಕ್ಕೆ ಐದು’ ಅಂದರೆ ಕೇಳಲು ಸಣ್ಣದು. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ 60! ಈಗ ಈ ಎರಡು ಲೆಕ್ಕ ಹೋಲಿಸಿ ನೋಡಿ.

ಕೈಸಾಲದಲ್ಲಿಯೇ ಇದ್ದರೆ: ತಿಂಗಳಿಗೆ 250ರಂತೆ 20 ತಿಂಗಳಿಗೆ 5,000 ರೂಪಾಯಿ ಬಡ್ಡಿ ಕಟ್ಟಿದಂತಾಯಿತು. ಸಾಲ ಮಾತ್ರ 5,000 ಹಾಗೆಯೇ ನಿಂತಿದೆ.

ಸಂಘದಿಂದ ನೂರಕ್ಕೆ ಎರಡರ ಬಡ್ಡಿಗೆ 5,000 ತೆಗೆದು ಕೈಸಾಲ ತೀರಿಸಿದರೆ: ತಿಂಗಳಿಗೆ 250 ಅಸಲು, ಉಳಿದ ಅಸಲಿಗೆ ಮಾತ್ರ ಬಡ್ಡಿ. ಮೊದಲ ತಿಂಗಳು 350 ಕಟ್ಟಬೇಕು. ತಿಂಗಳು ತಿಂಗಳು ಐದೈದು ರೂಪಾಯಿ ಇಳಿಯುತ್ತಾ ಕೊನೆಯ ತಿಂಗಳು 255. ಒಟ್ಟು ಬಡ್ಡಿ 1,050. 20 ತಿಂಗಳಿಗೆ ಸಾಲ ಪೂರ್ತಿ ಮುಗಿಯಿತು. ಆ 1,050 ಕೂಡ ಬೇರೆಯವರ ಜೇಬಿಗೆ ಹೋಗಲಿಲ್ಲ, ನಿಮ್ಮ ಸಂಘದ ನಿಧಿಗೇ ಬಂತು.

ಮೊದಲ ತಿಂಗಳು ಹೆಚ್ಚಿಗೆ ಬೇಕಾದದ್ದು 100 ರೂಪಾಯಿ ಮಾತ್ರ. ಅದನ್ನು ಆಕೆ ಹೊಟ್ಟೆ ಕಟ್ಟಿ ತರಲಿಲ್ಲ. ಕುರುಕಲು ಪ್ಯಾಕೆಟ್ ನಿಲ್ಲಿಸಿ ಮನೆಯಲ್ಲೇ ಅವಲಕ್ಕಿ, ಹುರಿಗಡಲೆ ಮಾಡಿಕೊಟ್ಟರು. ಕಂತಿನವರಿಗೆ ‘ಈ ವರ್ಷ ಬೇಡಪ್ಪಾ’ ಅಂದರು. ಬನ್ನು, ಮೊಟ್ಟೆ, ಮಾತ್ರೆ ಎಲ್ಲ ವಾಪಸ್ಸು ಶುರುವಾಯಿತು.

ಒಂದು ಸಾಲ ತೀರಿಸಲು ಮತ್ತೊಂದು ಮೈಕ್ರೋ ಫೈನಾನ್ಸ್ ಸಾಲ, ಅದಕ್ಕೆ ಇನ್ನೊಂದು, ಹೀಗೆ ಮಾಡಬೇಡಿ. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್ ಸಾಲ ಕೊಡುವಾಗ ಆ ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಆದರೂ ಎಷ್ಟೋ ಮನೆಗಳು ಕಂತಿಗೆ ಹೆದರಿ ಊರು ಬಿಟ್ಟವು. ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಕಾನೂನನ್ನೇ ತರಬೇಕಾಯಿತು. ಕಿರುಕುಳ ಆದರೆ ಪೊಲೀಸರಿಗೆ ದೂರು ಕೊಡಿ. ಸಾಲ ಕೇಳುವ ಮೊದಲೇ ಮನೆಯ ಎಲ್ಲ ಕಂತು ಕೂಡಿ ನೋಡುವುದು ಇನ್ನೂ ಒಳ್ಳೆಯದು.

‘ನಾಲ್ಕು ಜನ ಏನಂದಾರು’ ಎಂಬ ಖರ್ಚು

ಮುಯ್ಯಿ, ನಾಮಕರಣ, ಜಾತ್ರೆ, ಹಬ್ಬ, ಮದುವೆ. ಇವೆಲ್ಲ ಬೇಕು. ನೆಂಟರಿಷ್ಟರು ಇಲ್ಲದೆ ಬದುಕುವುದು ಹೇಗೆ? ಆದರೆ ಬೇರೆಯವರ ಕಣ್ಣಿಗೆ ಹೆದರಿ ಸಾಲ ಮಾಡಿ ಮುಯ್ಯಿ ಮಾಡಿದರೆ ಅವರಿಗೂ ಅದು ಭಾರ. ನಾಳೆ ಅವರು ಸಾಲ ಮಾಡಿ ತೀರಿಸಬೇಕು. ಇದನ್ನು ಒಬ್ಬೊಬ್ಬರೇ ನಿಲ್ಲಿಸಲು ಆಗುವುದಿಲ್ಲ, ಒಟ್ಟಾಗಿ ಆಗುತ್ತದೆ. ‘ನಮ್ಮ ಸಂಘದೊಳಗೆ ಮುಯ್ಯಿ ಇಷ್ಟಕ್ಕಿಂತ ಹೆಚ್ಚು ಬೇಡ’ ಎಂದು ಸಭೆಯಲ್ಲಿ ನಿರ್ಣಯ ಬರೆಯಿರಿ. ಆಗ ಕಡಿಮೆ ಕೊಟ್ಟವರಿಗೆ ನಾಚಿಕೆ ಇಲ್ಲ, ತಗೊಂಡವರಿಗೆ ಬೇಸರವಿಲ್ಲ.

ಮನೆಯವರ ಖರ್ಚಿನ ಮಾತು

ಅನೇಕ ಮನೆಗಳಲ್ಲಿ ಕುಡಿತವೇ ಮೂರನೇ ಬೋಗುಣಿಯನ್ನು ತುಂಬಿಸುತ್ತದೆ. ಹೆಂಗಸರು ಹೊಗೆಸೊಪ್ಪು ಬಿಟ್ಟು, ಬಳೆ ಬಿಟ್ಟು ಉಳಿಸಿದ್ದು ಒಂದೇ ಸಂಜೆಗೆ ಹೋಗುತ್ತದೆ. ಇದನ್ನು ಮುಚ್ಚಿಟ್ಟು ಉಳಿತಾಯದ ಪಾಠ ಮಾಡುವುದು ನ್ಯಾಯವಲ್ಲ. ಬೀಜದ ಲೆಕ್ಕ ಇಡೀ ಮನೆಯದಾಗಲಿ. ಮಕ್ಕಳೂ, ಗಂಡನೂ ಬೀಜ ಹಾಕಲಿ. ಬೈಗುಳ ಬೇಡ, ತಿಂಗಳ ಕೊನೆಗೆ ಬೋಗುಣಿ ಮುಂದಿಟ್ಟು ಎಣಿಸಿದರೆ ಸಾಕು.

ಆ ಸಹೋದರಿಯ ಗಂಡನ ಕುಡಿತ ನಿಂತಿತೇ ಎಂದು ಕೇಳಿದರೆ, ಇಲ್ಲ, ಪೂರ್ತಿ ನಿಲ್ಲಲಿಲ್ಲ. ಆದರೆ ಬೀಜ ಎಣಿಸಿದ ದಿನ ಒಂದು ಒಪ್ಪಂದವಾಯಿತು. ಬಟವಾಡೆಯ ದಿನ ಮೊದಲು ಅಕ್ಕಿ ಮತ್ತು ಸಂಘದ ಹಣ, ಆಮೇಲೆ ಉಳಿದದ್ದು. ಅಷ್ಟಾದರೂ ಆಯಿತಲ್ಲ! ನಿಮ್ಮ ಮನೆಯಲ್ಲಿ ಹಣದ ಮಾತು ಎತ್ತಿದರೆ ಹೊಡೆತ ಬೀಳುತ್ತದೆ ಎಂದಾದರೆ ಒಬ್ಬರೇ ಸಾಹಸ ಮಾಡಬೇಡಿ. ಸಂಘದಲ್ಲಿ ಹೇಳಿ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಬಹುದು, ತುರ್ತು ಇದ್ದರೆ 112.

ಉಳಿದ ಹಣ ಎಲ್ಲಿಡಬೇಕು?

‘ತಿಂಗಳ ಕೊನೆಗೆ ಉಳಿದರೆ ಕಟ್ತೀನಿ’ ಅಂದವರಿಗೆ ಎಂದೂ ಉಳಿದಿಲ್ಲ. ಕೂಲಿ ಕೈಗೆ ಬಂದ ದಿನವೇ, ಖರ್ಚು ಶುರುವಾಗುವ ಮೊದಲೇ, ಉಳಿತಾಯದ ಪಾಲು ಎತ್ತಿಡಬೇಕು. ನಮ್ಮ ಅಜ್ಜಿಯರು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ವಾಪಸ್ಸು ಬೇರೆ ಮಡಕೆಗೆ ಹಾಕುತ್ತಿರಲಿಲ್ಲವೇ? ಅದೇ ರೀತಿ.

ಸಾಸಿವೆ ಡಬ್ಬಿಯಲ್ಲಿ ಹಣ ಇಡುವ ಅಭ್ಯಾಸ ನಮ್ಮಲ್ಲಿದೆ. ಆದರೆ 2016ರ ನವೆಂಬರ್ 8ರಂದು ಹಳೆಯ 500 ಮತ್ತು 1,000ದ ನೋಟು ರದ್ದಾದಾಗ ಎಷ್ಟು ಹೆಂಗಸರು ಡಬ್ಬಿಯ ಹಣ ಹೊರಗೆ ತೆಗೆದು, ಗಂಡನ ಎದುರು ಉತ್ತರ ಹೇಳುತ್ತಾ ನಿಂತರು, ನೆನಪಿದೆಯಾ? ಡಬ್ಬಿಯ ಹಣಕ್ಕೆ ಬಡ್ಡಿಯೂ ಇಲ್ಲ, ಭದ್ರತೆಯೂ ಇಲ್ಲ.

ಮೊದಲನೆಯದು ಸಂಘದ ಉಳಿತಾಯ. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿದಾಗ, ಅಡಮಾನವಿಲ್ಲದ ಬಡ ಹೆಂಗಸರನ್ನು ಬ್ಯಾಂಕು ನಂಬಲು ಕಾರಣವಾದದ್ದು ತಪ್ಪದೆ ಕಟ್ಟಿದ ಸಣ್ಣ ಉಳಿತಾಯ ಮತ್ತು ಸರಿಯಾದ ಪುಸ್ತಕ.

ಎರಡನೆಯದು ಅಂಚೆ ಕಚೇರಿಯ ಆವರ್ತಕ ಠೇವಣಿ, ಅಂದರೆ ಆರ್.ಡಿ. ತಿಂಗಳಿಗೆ 100 ರೂಪಾಯಿಯಿಂದ ಶುರುಮಾಡಬಹುದು, ಐದು ವರ್ಷ ಕಟ್ಟಬೇಕು. 2023ರ ಅಕ್ಟೋಬರಿನಲ್ಲಿ ಇದರ ಬಡ್ಡಿ ಶೇಕಡಾ 6.7 ಎಂದು ನಿಗದಿಯಾಯಿತು. ಆ ದರದಲ್ಲಿ ಕಟ್ಟಿದ 6,000 ರೂಪಾಯಿ ಕೊನೆಗೆ ಸುಮಾರು 7,136 ಆಗುತ್ತದೆ. ದರ ಬದಲಾಗಬಹುದು, ಖಾತೆ ತೆರೆಯುವ ದಿನ ಕೇಳಿ ತಿಳಿಯಿರಿ.

ಮೂರನೆಯದು ವಿಮೆ. ‘ಅದು ವ್ಯರ್ಥ ಖರ್ಚು’ ಎನ್ನಬೇಡಿ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2022ರ ಜೂನ್‌ನಿಂದ ಕಂತು ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ. ಮರ ಹತ್ತುವ, ಗುಡ್ಡ ಇಳಿಯುವ ಕೆಲಸದ ನಮಗೆ ಇದು ಮೊದಲನೇ ಬೋಗುಣಿಯ ಖರ್ಚು.

ಬಸ್ ಚಾರ್ಜಿನ ಹಣ ಎಲ್ಲಿ ಹೋಯಿತು?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಹಣ ಉಳಿಯಿತು. ಅದೇ ವರ್ಷ ಆಗಸ್ಟ್ 30ರಂದು ಗೃಹಲಕ್ಷ್ಮಿ ಚಾಲನೆಗೆ ಬಂದು ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದಾಯಿತು. ನಮ್ಮ ಕಡೆ ಖಾಸಗಿ ಬಸ್ಸೇ ಹೆಚ್ಚು, ಹಣ ಕೆಲವು ಸಲ ತಡವಾಗಿ ಬಂತು, ಅದೆಲ್ಲ ನಿಜ. ಆದರೂ ಒಂದು ಸಭೆಯಲ್ಲಿ ‘ಉಳಿದ ಬಸ್ ಚಾರ್ಜ್ ಎಲ್ಲಿದೆ?’ ಎಂದು ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಬೇರೆ ಎತ್ತಿಡದ ಹಣ ಉಪ್ಪು ನೀರಿಗೆ ಬಿದ್ದಂತೆ. ಯಾವ ಖರ್ಚು ನಿಂತಿತೋ ಅದೇ ದಿನ ಅಷ್ಟು ಹಣ ಪುಸ್ತಕಕ್ಕೆ ಹೋಗಬೇಕು. ಇಲ್ಲದಿದ್ದರೆ ಬಿಟ್ಟದ್ದೂ ಹೋಯಿತು, ಹಣವೂ ಹೋಯಿತು.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ಉಳಿತಾಯಕ್ಕಾಗಿ ನಿಮ್ಮ ಊಟ ಅಥವಾ ಔಷಧಿ ಎಂದಾದರೂ ಬಿಟ್ಟಿದ್ದೀರಾ? ಆಗ ಏನಾಯಿತು?
2. ನಮ್ಮ ಸಂಘದಲ್ಲಿ ನೂರಕ್ಕೆ ಐದು, ನೂರಕ್ಕೆ ಹತ್ತರ ಬಡ್ಡಿ ಕಟ್ಟುವವರು ಎಷ್ಟು ಮಂದಿ? ಅವರಿಗೆ ಮೊದಲು ಸಾಲ ಕೊಡಬಹುದೇ?
3. ಮುಯ್ಯಿ ಮತ್ತು ಉಡುಗೊರೆಗೆ ನಾವು ಯಾವ ಮಿತಿ ಹಾಕಿಕೊಳ್ಳಬಹುದು?

ಮುಂದಿನ ಸಭೆಗೆ ಮನೆಗೆಲಸ

ಒಂದು ತಿಂಗಳು ಬೀಜದ ಲೆಕ್ಕ ಇಡಿ. ಮೂರನೇ ಬೋಗುಣಿಯಿಂದ ಒಂದೇ ಒಂದು ಖರ್ಚು ಆರಿಸಿ ನಿಲ್ಲಿಸಿ. ರಕ್ತ ಪರೀಕ್ಷೆ ಮಾಡಿಸದವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಿ. ಒಬ್ಬೊಬ್ಬರೇ ಕೂಲಿ ಬಿಟ್ಟು ಹೋಗುವ ಬದಲು ಆಶಾ ಕಾರ್ಯಕರ್ತೆಯನ್ನು ಕೇಳಿ, ಇಡೀ ಸಂಘಕ್ಕೆ ಒಂದು ದಿನ ಗೊತ್ತು ಮಾಡಿಕೊಳ್ಳಿ.

ಪ್ರತಿನಿಧಿಗಳಿಗೆ ಒಂದು ವಿನಂತಿ. ಯಾರಾದರೂ ಹೆಚ್ಚು ಹಣ ತಂದರೆ ಸಂತೋಷ ಪಡಿ. ಆದರೆ ಚಪ್ಪಾಳೆ ತಟ್ಟುವ ಮೊದಲು ಮೆಲ್ಲಗೆ ಕೇಳಿ: ‘ಊಟ ಮಾಡಿದ್ರಾ ಅಮ್ಮಾ?’